ಕತ್ತಿಗೆ ಹತ್ತಿದ ತಾಮ್ರ

“ಹಿಂದೆ ಈ ವಿಷ ಎಲ್ಲ ಎಲ್ಲಿತ್ತು ಮಾರಾಯ್ರೆ?” ಎಂಬ ಮಾತು ನಮ್ಮ ಕಡೆಯ ಜೆಂಬರದ ಪಂಕ್ತಿಯಲ್ಲಿ ಈಗ ಪಾಯಸದಷ್ಟೇ ಕಡ್ಡಾಯವಾಗಿದೆ. ಹೇಳುವವರು ಹೆಚ್ಚಾಗಿ ನನ್ನ ಪ್ರಾಯದವರೇ, ಅರುವತ್ತು ದಾಟಿದವರು. ಬೇರೆ ಊರಿನವರು ಹೇಳಿದರೆ ಕೇಳಿಕೊಂಡು ಉಣ್ಣುತ್ತೇನೆ. ಸುಳ್ಯ ತಾಲೂಕಿನ ನಮ್ಮ ಮಂಡೆಕೋಲಿನಲ್ಲಿ ನನ್ನ ಜೊತೆಗೇ ಬೆಳೆದವರು ಹೇಳಿದರೆ ಮಾತ್ರ ಸುಮ್ಮನಿರಲು ಆಗುವುದಿಲ್ಲ. ಅವರ ಮನೆಯ ಕತ್ತಲೆ ಕೋಣೆಯಲ್ಲಿ ಏನೇನಿತ್ತು ಎಂಬುದು ನನಗೆ ಗೊತ್ತು, ನಮ್ಮ ಮನೆಯಲ್ಲಿ ಇದ್ದದ್ದು ಅವರಿಗೆ ಗೊತ್ತು.

1970ರ ದಶಕದ ಆ ಕೋಣೆಯಲ್ಲಿ ಮೈಲುತುತ್ತಿನ, ಅಂದರೆ ತಾಮ್ರದ ಸಲ್ಫೇಟಿನ, ಗೋಣಿ ಇತ್ತು. ಮೂಲೆಯಲ್ಲಿ ಬಿಎಚ್‌ಸಿ ಪುಡಿಯ ಕಟ್ಟು. ಗದ್ದೆಯ ಹುಳಕ್ಕೆ ಅದೇ, ಜಗಲಿಯ ಇರುವೆಗೂ ಅದೇ, ಕೆಲವು ಮನೆಗಳಲ್ಲಿ ಮಕ್ಕಳ ತಲೆಯ ಹೇನಿಗೂ ಅದೇ. ಅದರ ಮುಗ್ಗಲು ವಾಸನೆ ಕೋಣೆಯ ಗೋಡೆಗೇ ಹಿಡಿದಿತ್ತು. ಮೇಲೆ ಅಡ್ಡಕ್ಕೆ ಅಕ್ಕಿಯ ಮುಡಿ, ಕೆಳಗೆ ಈ ಪುಡಿ. ಯಾರಿಗೂ ಅದರಲ್ಲಿ ವಿಚಿತ್ರ ಕಾಣಿಸಲಿಲ್ಲ. ದೇಶ ಬಿಎಚ್‌ಸಿಯನ್ನು ನಿಷೇಧಿಸಿದ್ದು 1997ರಲ್ಲಿ. ಅಷ್ಟರಲ್ಲಿ ನಮ್ಮ ಗದ್ದೆಗಳೇ ಅಡಕೆ ತೋಟವಾಗಿದ್ದವು.

ಇನ್ನು ಡಿಡಿಟಿ. ಮಲೇರಿಯಾ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಸುರುವಾದದ್ದು 1953ರಲ್ಲಿ. ನನ್ನ ಬಾಲ್ಯದ ಹೊತ್ತಿಗೆ ಪಂಪು ಹೊತ್ತ ಸಿಬ್ಬಂದಿ ಬರುವುದು, ಒಳಗೋಡೆಗೆ ಬಿಳಿ ನೀರು ಹೊಡೆದು ಬಾಗಿಲ ಮೇಲೆ ತಾರೀಕು ಬರೆದು ಹೋಗುವುದು ವಾಡಿಕೆಯಾಗಿತ್ತು. ರಕ್ತ ಕುಡಿದು ಭಾರವಾದ ಸೊಳ್ಳೆ ಹತ್ತಿರದ ಗೋಡೆಯಲ್ಲಿ ಕೂರುತ್ತದೆ, ಕೂತಲ್ಲಿ ಸಾಯಬೇಕು ಎಂಬುದು ಅದರ ಲೆಕ್ಕ. ಅಮ್ಮನ ಲೆಕ್ಕ ಬೇರೆ ಇತ್ತು: ಮಂಚದ ಸಂದಿಗೂ ಸ್ವಲ್ಪ ಹೊಡೆಯಿರಿ, ತಗಣೆ ಸಾಯಲಿ. ಮೊದಮೊದಲು ಸತ್ತವು. ಆಮೇಲೆ ತಗಣೆಗಳು ಡಿಡಿಟಿಗೆ ಒಗ್ಗಿಕೊಂಡವು, ನಾವು ತಗಣೆಗಳಿಗೆ. ಈ ಔಷಧಿಯನ್ನು ಬರೀ ಬೈಯುವುದು ನ್ಯಾಯವಲ್ಲ. ಅದರ ಕೀಟನಾಶಕ ಗುಣವನ್ನು ಕಂಡುಹಿಡಿದ ಪಾಲ್ ಮ್ಯೂಲರ್‌ಗೆ 1948ರಲ್ಲಿ ನೊಬೆಲ್ ಬಂದದ್ದು ಸುಮ್ಮನೆ ಅಲ್ಲ. ಕಾಡಿನ ಅಂಚಿನ ಊರುಗಳಲ್ಲಿ ಚಳಿಜ್ವರಕ್ಕೆ ಮನೆಮನೆಯೇ ಮಲಗಿದ ಕತೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಅವರು ಆ ಬಿಳಿ ನೀರನ್ನು ಬೇಡ ಎಂದವರಲ್ಲ. ಕೊಬ್ಬಿನಲ್ಲಿ ಕರಗಿ, ಹಾಲಿನಲ್ಲಿ ಇಳಿದು ವರ್ಷಗಟ್ಟಲೆ ಉಳಿಯುವ ವಸ್ತು ಅದು ಎಂಬ ವಿಚಾರ ನಮ್ಮ ಬಾಗಿಲಿಗೆ ಬರುವಾಗ ತಾರೀಕಿನ ಅಕ್ಷರಗಳು ಮಾಸಿದ್ದವು.

ಇವೆಲ್ಲ ಬಂದು ಹೋದವು. ಉಳಿದದ್ದು ಮೈಲುತುತ್ತು. ಅದರ ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳಬೇಕು, ಏಕೆಂದರೆ ನನಗೆ ರಸಾಯನಶಾಸ್ತ್ರ ಕಲಿಸಿದ್ದು ಅದು.

ಸುಳ್ಯದ ಕಡೆ ಮಳೆಗಾಲ ಎಂದರೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವುದು ಮಾಮೂಲು. ಅಡಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾಕ್ಕೆ ಇದಕ್ಕಿಂತ ಒಳ್ಳೆಯ ಊರು ಸಿಕ್ಕಲಿಕ್ಕಿಲ್ಲ. ಅದರ ಬೀಜಾಣುಗಳಿಗೆ ಬಾಲವಿದೆ, ಕಾಯಿಯ ಮೇಲಿನ ನೀರಿನ ಪದರದಲ್ಲಿ ಅವು ಈಜುತ್ತವೆ. ಈಜುವ ನೀರಿನಲ್ಲಿ ತಾಮ್ರದ ಅಂಶ ಇದ್ದರೆ ಸಾಯುತ್ತವೆ. ತುತ್ತು ಸುಣ್ಣ ಕಲಸಿ ಮಾಡುವ ಬೋರ್ಡೋ ದ್ರಾವಣದ ಗುಟ್ಟು ಇಷ್ಟೇ. ಅದು ಕಾಪು, ಚಿಕಿತ್ಸೆ ಅಲ್ಲ. ಕೊಳೆ ಹತ್ತಿದ ಗೊನೆಯನ್ನು ಅದು ವಾಪಸು ಹಸಿರು ಮಾಡುವುದಿಲ್ಲ. ಆದ್ದರಿಂದ ಮೊದಲ ಮದ್ದು ಮಳೆ ಹಿಡಿಯುವ ಮೊದಲು, ಎರಡನೆಯದು ನಲುವತ್ತು ನಲುವತ್ತೈದು ದಿನ ಬಿಟ್ಟು, ಆಟಿಯಲ್ಲಿ ಬಿಸಿಲು ಇಣುಕಿದ ಒಂದೆರಡು ದಿನ ನೋಡಿ.

ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ಹಿಂದಿನ ರಾತ್ರಿ ತುತ್ತನ್ನು ಗೋಣಿತುಂಡಿನಲ್ಲಿ ಕಟ್ಟಿ ಮರದ ಪೀಪಾಯಿಯ ನೀರಿಗೆ ಇಳಿಬಿಡುತ್ತಿದ್ದರು. ಕಬ್ಬಿಣದ ಬಾಲ್ದಿ ಕೂಡದು, ತುತ್ತು ಅದನ್ನು ತಿಂದು ತೂತು ಮಾಡುತ್ತದೆ. ಬೆಳಿಗ್ಗೆ ಇನ್ನೊಂದು ಪಾತ್ರೆಯಲ್ಲಿ ಸುಟ್ಟ ಚಿಪ್ಪಿನ ಸುಣ್ಣಕ್ಕೆ ನೀರು. ಅದು ಕೊತಕೊತ ಕುದಿಯುವಾಗ ಮಕ್ಕಳು ದೂರ. ಈ ದೂರದ ನಿಯಮ ಬಹಳ ಕಟ್ಟುನಿಟ್ಟು, ಏಕೆಂದರೆ ಸುಣ್ಣ ಸಿಡಿದು ಕಣ್ಣು ಕಳೆದುಕೊಂಡವರ ಉದಾಹರಣೆ ಸುತ್ತಮುತ್ತ ಇತ್ತು. ಕ್ಷಾರ ಆಮ್ಲಕ್ಕಿಂತ ಕೆಟ್ಟದ್ದು ಎಂದು ಕಣ್ಣಿನ ವೈದ್ಯರೂ ಹೇಳುತ್ತಾರೆ. ಆಮ್ಲ ಮೇಲ್ಪದರವನ್ನು ಸುಟ್ಟು ಹೆಪ್ಪುಗಟ್ಟಿಸಿ ಅಲ್ಲೇ ನಿಲ್ಲುವುದುಂಟು. ಸುಣ್ಣ ಅಂಗಾಂಶದ ಕೊಬ್ಬನ್ನು ಸಾಬೂನು ಮಾಡಿಕೊಂಡು ಒಳಗೊಳಗೆ ಇಳಿಯುತ್ತದೆ. ಬಿದ್ದ ಕೂಡಲೇ ನೀರು, ಮತ್ತೂ ನೀರು, ಅದೇ ಮದ್ದು. ನಮ್ಮಲ್ಲಿ ಅದರ ಬದಲು ಎಣ್ಣೆಯೋ ಎದೆಹಾಲೋ ಹಾಕುತ್ತಿದ್ದರು.

ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಕಲಕುತ್ತಾ. ಆಕಾಶ ಬಣ್ಣದ ದ್ರಾವಣ ತಯಾರಾದ ಮೇಲೆ ಅಪ್ಪ ಸೊಂಟದ ಪೀಶಕತ್ತಿ ತೆಗೆದು ಅದರಲ್ಲಿ ಅದ್ದಿ ಹಿಡಿಯುತ್ತಿದ್ದರು. ಕತ್ತಿಯ ಅಲಗಿಗೆ ಕೆಂಪು ಹತ್ತಿದರೆ, “ತುತ್ತು ಜೋರಾಯ್ತು, ಸುಣ್ಣ ಹಾಕಿ.” ಹತ್ತದಿದ್ದರೆ ಸರಿ. ಸುಳ್ಯದ ನೆಹರೂ ಮೆಮೋರಿಯಲ್ ಕಾಲೇಜಿನ ಪ್ರಯೋಗಾಲಯದಲ್ಲಿ ನೀಲಿ ದ್ರಾವಣಕ್ಕೆ ಕಬ್ಬಿಣದ ಮೊಳೆ ಇಳಿಸಿ, ಕಬ್ಬಿಣ ಕರಗಿ ತಾಮ್ರ ಹೊರಬೀಳುವುದನ್ನು ಮೇಷ್ಟ್ರು ತೋರಿಸಿದಾಗ ಪೇಟೆಯ ಹುಡುಗರು ಮುಂದೆ ಬಗ್ಗಿ ನೋಡಿದರು. ತೋಟದವರ ಮಕ್ಕಳು ಹಿಂದೆ ನಿಂತು ಮಾತಾಡುತ್ತಿದ್ದೆವು. ನಮಗೆ ಅದು ಆಟಿ ತಿಂಗಳ ಕೆಲಸ. ಸುಣ್ಣ ಕಡಿಮೆಯಾಗಿ ಬಿಡಿ ತಾಮ್ರ ಉಳಿದರೆ ಎಳೆಗಾಯಿ ಸುಡುತ್ತದೆ ಎಂಬುದು ಸಮೀಕರಣ ಬರೆಯಲು ಬಾರದ ಅಪ್ಪನಿಗೂ ಗೊತ್ತಿತ್ತು.

ಬೋರ್ಡೋದ ಹುಟ್ಟಿನ ಕತೆ ಸುರುವಾಗುವುದು ಕಳ್ಳರಿಂದ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ತುತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ಇಲ್ಲದ್ದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿ 1885ರಲ್ಲಿ ಪ್ರಕಟಿಸಿದ. ಅದನ್ನು ಅಡಕೆಗೆ ತಂದದ್ದು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ, ಕೆನಡಾದ ಲೆಸ್ಲಿ ಕೋಲ್ಮನ್. ಕೊಳೆರೋಗದ ಮೇಲೆ ಆತನ ಪುಸ್ತಿಕೆ ಬಂದದ್ದು 1910ರಲ್ಲಿ. ಅದಕ್ಕೆ ಮೊದಲು ಮಲೆನಾಡಿನಲ್ಲಿ ಒಂದೊಂದು ಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ನಮ್ಮ ಜಿಲ್ಲೆ ಆಗ ಮದ್ರಾಸಿನ ಕೈಕೆಳಗೆ. ಆದರೂ ತುತ್ತು ಘಟ್ಟ ಇಳಿದು ಬಂತು. ಈ ತೋಟಗಳು ಇಂದು ಇರುವುದೇ ಅದರಿಂದ ಎಂದರೆ ಹೆಚ್ಚಾಗಲಿಕ್ಕಿಲ್ಲ.

ಇದುವರೆಗೆ ಹೇಳಿದ್ದು ಕೆಳಗೆ ನಿಂತವರ ನೆನಪು. ಮೇಲೆ ಹತ್ತಿದವನದ್ದು ಬೇರೆ.

ಮದ್ದು ಬಿಡುವವನು ಕಾಲಿಗೆ ತಳೆ ಹಾಕಿ, ನಾಝಲ್ ಹಿಡಿದು, ಹಿಂದೆ ಪೈಪು ಎಳೆದುಕೊಂಡು ಕಂಗು ಹತ್ತುತ್ತಿದ್ದ. ಕೆಳಗೆ ಇಬ್ಬರು ಗಟಾರ್ ಪಂಪು ಒತ್ತಬೇಕು. ಒಂದು ಮರದಿಂದ ಇನ್ನೊಂದಕ್ಕೆ ಮೇಲಿಂದಲೇ ಬಗ್ಗಿಸಿಕೊಂಡು ದಾಟುವ ಗಟ್ಟಿಗರೂ ಇದ್ದರು. ತಲೆಗೆ ಮುಟ್ಟಾಳೆ, ಸೊಂಟಕ್ಕೆ ಒಂದು ತುಂಡು ಬಟ್ಟೆ, ಉಳಿದದ್ದೆಲ್ಲ ಬರಿಮೈ. ಗೊನೆಗೆ ಬಿಟ್ಟದ್ದರಲ್ಲಿ ಒಂದು ಪಾಲು ಅವನ ಮೈಮೇಲೆಯೇ ಇಳಿಯುತ್ತಿತ್ತು. ಸಂಜೆ ತೋಡಿನಲ್ಲಿ ಮಿಂದರೂ ಉಗುರ ಸಂದಿ, ಕಣ್ಣ ರೆಪ್ಪೆ ನೀಲಿ. ಬೆರಳ ಸಂದು ಸುಣ್ಣಕ್ಕೆ ಬಿರಿದು ಅನ್ನ ಕಲಸಲು ಉರಿ. ಅವನಿಗೆ ಅಮ್ಮ ತೆಂಗಿನೆಣ್ಣೆ ಕೊಡುತ್ತಿದ್ದಳು, ಹೊರಗಿನ ಜಗಲಿಯಲ್ಲಿ. ನಾವು ಧಣಿಗಳ ಮಕ್ಕಳು ಇದನ್ನೆಲ್ಲ ನೋಡಿ ಅವನ ನೀಲಿ ರೆಪ್ಪೆಗೆ ನಕ್ಕಿದ್ದೇವೆ. ಕೆಮ್ಮು ಬಂದರೆ ಬೀಡಿಯಿಂದ ಬಂತು ಎಂದು ದೊಡ್ಡವರ ತೀರ್ಮಾನ.

1969ರಲ್ಲಿ ಪೋರ್ಚುಗಲ್‌ನ ವೈದ್ಯರು ದ್ರಾಕ್ಷಿ ತೋಟಕ್ಕೆ ಬೋರ್ಡೋ ಬಿಡುತ್ತಿದ್ದ ಕೆಲಸಗಾರರ ಶ್ವಾಸಕೋಶದಲ್ಲಿ ತಾಮ್ರ ಸೇರಿದ ಗಂಟುಗಳನ್ನು ಕಂಡು, ಅದಕ್ಕೆ ದ್ರಾಕ್ಷಿ ಮದ್ದು ಬಿಡುವವರ ಶ್ವಾಸಕೋಶ ಎಂದೇ ಹೆಸರಿಟ್ಟು ಬರೆದರು. ನಮ್ಮಲ್ಲಿ ಗಟಾರ್ ಪಂಪು ಒತ್ತುತ್ತಿದ್ದ ಕಾಲದ್ದೇ ಸಂಗತಿ. ಆ ಲೇಖನವನ್ನು ನಾನು ಓದಿದ್ದು ನಿವೃತ್ತಿಯ ನಂತರ. ನಮ್ಮ ತೋಟದಲ್ಲಿ ಹತ್ತುತ್ತಿದ್ದವನು ಅಷ್ಟರಲ್ಲಿ ತೀರಿಹೋಗಿದ್ದ. ಅವನ ಎದೆಯನ್ನು ಯಾರೂ ಪರೀಕ್ಷಿಸಿದವರಲ್ಲ.

ಆದರೂ ತುತ್ತಿಗೆ ಒಂದು ಪ್ರಾಮಾಣಿಕತೆ ಇತ್ತೆಂದು ನಾನು ಹೇಳುತ್ತೇನೆ. ಅದು ಎಲ್ಲಿ ಬಿತ್ತೋ ಅಲ್ಲಿ ನೀಲಿ ಕಾಣುತ್ತದೆ. ನಾಲಗೆಗೆ ತಾಗಿದರೆ ಹೊಟ್ಟೆ ತೊಳಸಿ ಹೊರಗೆ ಹಾಕಿಸುತ್ತದೆ. ಹಟ್ಟಿಯ ದನ ಆ ಪೀಪಾಯಿಗೆ ಮೂತಿ ಇಡದು. 1970ರ ದಶಕದ ಕೊನೆಯಿಂದ ಗಡಿಯಾಚೆ ಬಂದದ್ದಕ್ಕೆ ಈ ಗುಣ ಇರಲಿಲ್ಲ.

ನಮ್ಮ ಊರಿನ ಬೆನ್ನಿಗೇ ಕೇರಳ. ದೇಲಂಪಾಡಿ, ಅಡೂರು ಎಂದರೆ ನಮಗೆ ಪರರಾಜ್ಯ ಅಲ್ಲ, ನೆಂಟರ ಊರು. ಮಾತು ಕನ್ನಡ, ತುಳು. ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ 4,500 ಹೆಕ್ಟೇರಿಗೂ ಹೆಚ್ಚು. ಗೇರಿನ ಚಿಗುರು, ಹೂ ಹೀರಿ ಕಪ್ಪು ಮಾಡುವ ಟೀ ಸೊಳ್ಳೆಗೆಂದು ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಬಿಡುತ್ತಿದ್ದರು. 2000ದವರೆಗೂ ನಡೆಯಿತು. ದಕ್ಷಿಣ ಕನ್ನಡದ ಗೇರು ಅಭಿವೃದ್ಧಿ ನಿಗಮದ ಗುಡ್ಡಗಳಲ್ಲೂ ಅದೇ ಔಷಧಿ. ಹೆಲಿಕಾಪ್ಟರ್ ನೋಡಲು ಮಕ್ಕಳು ಗುಡ್ಡ ಹತ್ತಿದ ಕತೆಯನ್ನು ನನ್ನ ಅತ್ತೆಯ ಮಕ್ಕಳು ಈಗಲೂ ಹೇಳುತ್ತಾರೆ. ಖುಷಿಯ ಕತೆಯಾಗಿ ಸುರುಮಾಡಿ ಅರ್ಧಕ್ಕೆ ನಿಲ್ಲಿಸುತ್ತಾರೆ.

ತೋಟಗಳಿರುವುದು ಗುಡ್ಡದ ನೆತ್ತಿಯಲ್ಲಿ, ಮನೆಗಳಿರುವುದು ಬುಡದ ಕಣಿವೆಯಲ್ಲಿ, ಕುಡಿಯುವ ನೀರು ಸುರಂಗದಿಂದ, ಅಂದರೆ ಅದೇ ಗುಡ್ಡದ ಹೊಟ್ಟೆಯಿಂದ. ಇಂಥ ನೆಲದ ಮೇಲೆ ಆಕಾಶದಿಂದ ಔಷಧಿ ಬಿಟ್ಟರೆ ಮಳೆ ಅದನ್ನು ಎಲ್ಲಿಗೆ ತರುತ್ತದೆ ಎಂದು ಹೇಳಲು ಪದವಿ ಬೇಡ. ಕಾಸರಗೋಡಿನ ಎಣ್ಮಕಜೆಯ ಪಡ್ರೆಯಲ್ಲಿ ಕರುಗಳು ವಿಕಾರವಾಗಿ ಹುಟ್ಟುತ್ತಿರುವುದನ್ನು ಮೊದಲು ಬರೆದವರು ಪತ್ರಕರ್ತ ಶ್ರೀಪಡ್ರೆ. ಆಮೇಲೆ ತನ್ನಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ ಯಾಕಿಷ್ಟು ಎಂದು ಕೇಳತೊಡಗಿದವರು ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್. ಸಮಿತಿಯ ಮೇಲೆ ಸಮಿತಿ ಕೂತವು. ಕೆಲವು ಔಷಧಿಯನ್ನು ದೂರಿದವು, ಕೆಲವು ಅದನ್ನು ಬಚಾವು ಮಾಡಿದವು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ 2001ರಲ್ಲಿ ಪಡ್ರೆಗೇ ಬಂದು ಅಧ್ಯಯನ ಮಾಡಿತು. ಕೊನೆಗೆ 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನನ್ನು ನಿಲ್ಲಿಸಿತು, ಏಪ್ರಿಲ್‌ನಲ್ಲಿ ಅದು ಸ್ಟಾಕ್‌ಹೋಂ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿತು. ನಮ್ಮ ಜಿಲ್ಲೆಯ ಕೊಕ್ಕಡದಲ್ಲಿ, ಕೊಯಿಲದಲ್ಲಿ ಎಂಡೋಸಲ್ಫಾನ್ ಪಾಲನಾ ಕೇಂದ್ರಗಳು ಬಂದವು. ಅಲ್ಲಿ ಹಗಲು ಕಳೆಯುವ ಮಕ್ಕಳು ಎಂದು ಬರೆಯುತ್ತಾರೆ ಪತ್ರಿಕೆಯವರು. ಅವರಲ್ಲಿ ಎಷ್ಟೋ ಮಂದಿಗೆ ಈಗ ಮೂವತ್ತು ದಾಟಿದೆ.

ನನ್ನನ್ನು ಕಾಡುವುದು ಅಂತರ. ಬೋರ್ಡೋದ ಕಾಲದಲ್ಲಿ ಮದ್ದು ಕಲಸಿದವನು, ಬಿಟ್ಟವನು, ಮೈಗೆ ಹಾಕಿಸಿಕೊಂಡವನು ಒಂದೇ ಅಂಗಳದಲ್ಲಿ ಇದ್ದರು. ನ್ಯಾಯವಾಗಿ ಇದ್ದರು ಎಂದಲ್ಲ, ಕಣ್ಣಿಗೆ ಕಾಣುವಂತೆ ಇದ್ದರು. ಹೆಲಿಕಾಪ್ಟರಿನವನಿಗೆ ಕೆಳಗಿನ ಸುರಂಗ ಕಾಣಲಿಲ್ಲ.

ನಡುವೆ ರಬ್ಬರ್ ಬಂತು. ಸರಕಾರ ಸುಳ್ಯದ ಕಾಡಂಚಿನಲ್ಲಿ ರಬ್ಬರ್ ಎಬ್ಬಿಸಿ, 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಶ್ರೀಲಂಕಾದಿಂದ ಬಂದ ತಮಿಳರಿಗೆ ಅಲ್ಲಿ ಕೆಲಸ ಕೊಟ್ಟಿತು. ಕೇರಳದಿಂದ ಗಡಿ ದಾಟಿ ಬಂದ ಕೃಷಿಕರನ್ನು ನೋಡಿ ನಾವೂ ನೆಟ್ಟೆವು. ರಬ್ಬರ್ ಹಾಲು ಹೆಪ್ಪುಗಟ್ಟಲು ಫಾರ್ಮಿಕ್ ಆಸಿಡ್ ಬೇಕು. ಮಾವಿನ ಮರದ ಚಗಳಿ ಇರುವೆ ಕಚ್ಚಿದಾಗ ಉರಿಯುವುದು ಇದೇ ಆಮ್ಲ. ಇರುವೆ ಕೊಡುವುದು ಹನಿಯ ಸಾವಿರದಲ್ಲೊಂದು ಪಾಲು, ಅಂಗಡಿಯವನು ಕೊಡುವುದು ಕ್ಯಾನ್. ನೀರು ಸೇರಿಸುವ ಮೊದಲಿನ ಅಸಲು ಆಮ್ಲ ಚರ್ಮದ ಮೇಲೆ ಬಿದ್ದರೆ ಬೊಬ್ಬೆ ಏಳುವುದಕ್ಕೂ ಕಾಯುವುದಿಲ್ಲ. ಒಂದು ಕಾಲದಲ್ಲಿ ಊರಿನ ಎಷ್ಟೋ ರಬ್ಬರ್ ಶೆಡ್ಡುಗಳಲ್ಲಿ ಅದನ್ನು ಹಳೆಯ ಬ್ರಾಂಡಿ ಬಾಟ್ಲಿಗೆ ಬಗ್ಗಿಸಿ ಕಿಟಕಿಯಲ್ಲಿ ಇಡುತ್ತಿದ್ದರು. ಪಕ್ಕದಲ್ಲೇ ಕುಡಿಯುವ ನೀರಿನ ಬಾಟ್ಲಿ. ಎರಡೂ ಬಣ್ಣವಿಲ್ಲದ್ದು. ಇಂಥ ಬಾಟ್ಲಿ ಎಲ್ಲಾದರೂ ಕಂಡರೆ ಇವತ್ತಿಗೂ ನಾನು ಕೇಳದೆ ಎತ್ತಿ ನೆಲಕ್ಕಿಡುತ್ತೇನೆ. ಮನೆಯವರಿಗೆ ಕೋಪ ಬಂದರೆ ಬರಲಿ.

ಈಗಿನದ್ದು ನೋಡಿದರೆ, ತೋಟಕ್ಕೆ ಮದ್ದು ಬಿಡುವವರ ಒಂದು ತಂಡವೇ ಬರುತ್ತದೆ, ಗುತ್ತಿಗೆಗೆ. ಮರ ಹತ್ತುವವರು ಕಡಿಮೆಯಾದ ಮೇಲೆ ಕಾರ್ಬನ್ ಫೈಬರಿನ ದೋಟಿ ಬಂತು. ನೆಲದಲ್ಲೇ ನಿಂತು ಅರುವತ್ತು ಎಪ್ಪತ್ತು ಅಡಿ ಮೇಲಿನ ಗೊನೆಗೆ ಮದ್ದು ಬಿಡಬಹುದು, ಕೊಯ್ಯಲೂಬಹುದು. ಇದು ಎಷ್ಟು ದೊಡ್ಡ ಉಪಕಾರ ಎನ್ನುವುದಕ್ಕೆ ಒಂದು ಲೆಕ್ಕ: ಐವತ್ತು ಅಡಿಯ ಕಂಗಿನಿಂದ ಜಾರಿದವನು ಎರಡು ಸೆಕೆಂಡಿನೊಳಗೆ ನೆಲ ಮುಟ್ಟುತ್ತಾನೆ, ಮುಟ್ಟುವಾಗ ಅವನ ವೇಗ ಗಂಟೆಗೆ ಅರುವತ್ತು ಕಿಲೋಮೀಟರ್ ದಾಟಿರುತ್ತದೆ. ಬದುಕಿದರೆ ಬೆನ್ನುಹುರಿ ಹೋಗಿ ಸೊಂಟದ ಕೆಳಗೆ ಸ್ವಾಧೀನ ಇರುವುದಿಲ್ಲ. ಪುತ್ತೂರು, ಸುಳ್ಯ, ಕಡಬದ ಯಾವ ಗ್ರಾಮದಲ್ಲೂ ಹಾಗೆ ಮಲಗಿದ ಒಬ್ಬರಾದರೂ ಇಲ್ಲವೆಂದು ಹೇಳಲು ನನಗೆ ಧೈರ್ಯ ಬಾರದು.

ಆದರೆ ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ಪೆನ್ಸಿಲ್ಲಿನ ಕಡ್ಡಿಯೂ ಕಾರ್ಬನ್ನೇ, ಬಲ್ಬು ಉರಿಸಿ ನೋಡಿದ ಮಕ್ಕಳಿಗೆ ಗೊತ್ತು. ತೋಟದ ನಡುವೆ ಎಳೆದ 11,000 ವೋಲ್ಟಿನ ತಂತಿಗೆ ಆ ದೋಟಿ ತಾಗಿದರೆ, ಕೆಳಗೆ ಒದ್ದೆ ನೆಲದಲ್ಲಿ ಒದ್ದೆ ಕೈಯಲ್ಲಿ ಹಿಡಿದವನಿಗೆ ಮರುಮಾತಿಲ್ಲ. ಅಲ್ಯುಮಿನಿಯಂ ಏಣಿ, ಕಬ್ಬಿಣದ ಪೈಪು ತಂತಿಗೆ ತಾಗಿ ಸತ್ತವರ ಸುದ್ದಿ ಪ್ರತಿ ವರ್ಷ ಪೇಪರಿನ ಒಳಪುಟದಲ್ಲಿ ಬರುತ್ತದೆ. ಬೀಳುವುದಕ್ಕಾದರೂ ಒಂದು ಹೆದರಿಕೆ ಹುಟ್ಟಿನಿಂದಲೇ ಇದೆ, ತಂತಿಗೆ ಇಲ್ಲ. ತಂಡದ ಹುಡುಗರು ಹೆಚ್ಚಿನವರು ಹೊರಗಿನವರು, ನಮ್ಮ ತೋಟದಲ್ಲಿ ಲೈನು ಎಲ್ಲಿ ಹಾದಿದೆಯೆಂದು ಅವರಿಗೆ ತಿಳಿಯದು. ಕೆಲಸ ಸುರುವಾಗುವ ಮೊದಲು ನಾನು ಕರೆದುಕೊಂಡು ಹೋಗಿ ತಂತಿಯ ಅಡಿಯ ಮರಗಳಿಗೆ ಕೆಂಪು ಬಟ್ಟೆ ಕಟ್ಟಿಸುತ್ತೇನೆ. ಆ ಮರಗಳ ಅಡಕೆ ಬಿದ್ದಾಗ ಹೆಕ್ಕಿದರೆ ಸಾಕು.

ಪೀಪಾಯಿ ಹೋಗಿ ಪ್ಲಾಸ್ಟಿಕ್ ಡ್ರಮ್ ಬಂದಿದೆ. ಕತ್ತಿ ಹೋಗಿ ಬಣ್ಣ ಬದಲಿಸುವ ಕಾಗದ ಬಂದಿದೆ, ಇಟ್ಟುಕೊಂಡವರು ಕಡಿಮೆ. ಬೋರ್ಡೋ ಜೊತೆಗೆ ಈಗ ಎಲೆಚುಕ್ಕಿ ರೋಗಕ್ಕೆ ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್. ಹಿಂದೆ ಬರೀ ಕೊಳೆಗೆ ಹೆದರುತ್ತಿದ್ದವರು ಈಗ ವರ್ಷವಿಡೀ ಮೇಲೆ ನೋಡಬೇಕು. ಹುಡುಗರಿಗೆ ಮಾಸ್ಕ್, ಕೈಗವಸು, ಕನ್ನಡಕ ತಂದಿಟ್ಟರೆ ಮೊದಲ ಡ್ರಮ್ಮಿಗೆ ಹಾಕುತ್ತಾರೆ, ಎರಡನೆಯದಕ್ಕೆ ಕೈಗವಸು ಬಿಡುತ್ತಾರೆ, ಮೂರನೆಯದಕ್ಕೆ ಮಾಸ್ಕ್ ಗಲ್ಲಕ್ಕೆ ಇಳಿಯುತ್ತದೆ. ನಮ್ಮ ಸೆಕೆಯಲ್ಲಿ ಅದನ್ನು ಹಾಕಿಕೊಂಡು ಅರ್ಧ ದಿನ ಇರುವುದು ಎಷ್ಟು ಕಷ್ಟ ಎಂದು ಗೊತ್ತಾಗಬೇಕಾದರೆ ಧಣಿಗಳೇ ಒಮ್ಮೆ ಹಾಕಿ ನೋಡಬೇಕು. ದಿನದ ಸಂಬಳ ಡ್ರಮ್ಮಿನ ಲೆಕ್ಕದಲ್ಲಿ ಇರುವವರೆಗೂ ಉಪದೇಶ ನಾಟುವುದಿಲ್ಲ.

ಇಷ್ಟು ವರ್ಷ ಬಿಟ್ಟ ತಾಮ್ರ ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಒಂದು ಕಿಲೋ ತುತ್ತಿನಲ್ಲಿ ಕಾಲು ಕಿಲೋ ತಾಮ್ರ. ಬಿಎಚ್‌ಸಿ, ಎಂಡೋಸಲ್ಫಾನ್ ನಿಧಾನಕ್ಕಾದರೂ ಒಡೆಯುತ್ತವೆ. ತಾಮ್ರ ಮೂಲವಸ್ತು, ಒಡೆಯಲು ಅದರಲ್ಲಿ ಏನೂ ಇಲ್ಲ. ಮರದಿಂದ ತೊಳೆದು ಮೇಲ್ಮಣ್ಣಿನಲ್ಲಿ ಕೂರುತ್ತದೆ. ನಮ್ಮ ಮುರಕಲ್ಲು ಮಣ್ಣು ಹುಳಿ, ಹುಳಿಯಲ್ಲಿ ತಾಮ್ರ ಹೆಚ್ಚು ಕರಗುತ್ತದೆ, ಎರೆಹುಳಕ್ಕೂ ತೋಡಿನ ಮೀನಿಗೂ ಅದು ಆಗುವುದಿಲ್ಲ. ಮಣ್ಣು ಪರೀಕ್ಷೆಗೆ ಕೊಡುವವರು ಸಾರಜನಕ, ರಂಜಕ, ಪೊಟ್ಯಾಶ್ ಕೇಳುತ್ತಾರೆ. ತಾಮ್ರದ ಸಾಲನ್ನು ಓದಿ ಎಂದರೆ “ಅದು ಹೇಗೂ ಇದ್ದೇ ಇರ್ತದಲ್ಲ” ಎನ್ನುತ್ತಾರೆ. ಅದೇ ನಾನು ಹೇಳುವುದೂ.

ಕೊನೆಗೆ ಉಳಿದದ್ದು ಇಷ್ಟೆಲ್ಲ ಮಾಡಿ ಉಳಿಸಿಕೊಂಡ ಅಡಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ತನ್ನ ವರದಿಯಲ್ಲಿ ಅಡಕೆಯನ್ನು, ಹೊಗೆಸೊಪ್ಪು ಸೇರದ ಬರೀ ಅಡಕೆಯನ್ನೂ, ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಅದರೊಳಗಿನ ಅರೆಕೋಲಿನ್ ಬಾಯಿಯ ಒಳಚರ್ಮವನ್ನು ನಾರುನಾರಾಗಿ ಬಿಗಿಯುತ್ತದೆ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಇದನ್ನು ನಮ್ಮ ಜೆಂಬರದ ಪಂಕ್ತಿಯಲ್ಲಿ ಎತ್ತಿದವರನ್ನು ಮುಂದಿನ ಸಲ ಕರೆಯುವುದಿಲ್ಲ. ಗುಟ್ಕಾದ ತಪ್ಪು ಅಡಕೆಯ ತಲೆಗೆ ಕಟ್ಟಿದ್ದಾರೆ, ನಮ್ಮ ಅಜ್ಜ ತೊಂಬತ್ತರವರೆಗೆ ಎಲೆ ತಿಂದರು ಎಂದು ಉತ್ತರ ಬರುತ್ತದೆ. ನನ್ನ ಅಜ್ಜನೂ ತಿಂದವರೇ, ತುಂಬ ವರ್ಷ ಬದುಕಿದವರೇ. ಬೇಗ ಸತ್ತವರು ಪಂಕ್ತಿಯಲ್ಲಿ ಸಾಕ್ಷಿ ಹೇಳಲು ಬರುವುದಿಲ್ಲ. ನಾನು ಎಲೆ ಹಾಕುವುದನ್ನು ಬಿಟ್ಟು ಬಹಳ ಕಾಲವಾಯಿತು, ಮಾರುವುದನ್ನು ಬಿಟ್ಟಿಲ್ಲ. ಹಳೆ ಚಾಲಿ ಅಡಕೆ ಸ್ವಲ್ಪ ಗೋಣಿಯಲ್ಲೇ ಇದೆ. ರೇಟು ಇನ್ನೂ ಹತ್ತು ರೂಪಾಯಿ ಏರಿದರೆ ಸುಳ್ಯಕ್ಕೆ ಕಳಿಸುವುದು ಎಂದು ಮಗ ಹೇಳಿದ್ದಾನೆ.